ಸಂಬಳ ನಿಗದಿ ಆಗುವುದು ಹೇಗೆ? ನ್ಯಾಯವಾದ ಸಂಬಳ ಅಂದ್ರೆ ಯಾವುದು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವತ್ತಿನಿಂದ ಆಫೀಸು, ಫ್ಯಾಕ್ಟರಿ, ವಾಟ್ಸಾಪ್ ಗುಂಪು ಎಲ್ಲ ಕಡೆ ಒಂದೇ ಪ್ರಶ್ನೆ: ಕೈಗೆ ಬರುವ ಸಂಬಳ ಕಡಿಮೆ ಆಗುತ್ತಾ? ಇದಕ್ಕೆ ಉತ್ತರ ಅಷ್ಟೇನೂ ಕಷ್ಟ ಇಲ್ಲ, ಕೆಳಗೆ ಲೆಕ್ಕ ಸಮೇತ ಇದೆ. ಆದರೆ ಸಂಬಳದ ಚೀಟಿಯನ್ನು ಹೀಗೆ ಸಾಲು ಸಾಲಾಗಿ ಓದಲು ಕೂತಾಗ ಇನ್ನೊಂದು ಪ್ರಶ್ನೆ ತಾನಾಗಿಯೇ ಬರುತ್ತದೆ. ಈ ಅಂಕಿ ಎಲ್ಲಿಂದ ಬಂತು? ಪಕ್ಕದ ಸೀಟಿನವರಿಗೆ ಬೇರೆ ಅಂಕಿ ಯಾಕೆ?

ಈ ಬರಹ ಅದರ ಬಗ್ಗೆ. ಸಂಸ್ಥೆಗಳು ಸಂಬಳವನ್ನು ಹೇಗೆ ಲೆಕ್ಕ ಹಾಕುತ್ತವೆ, ಆ ಲೆಕ್ಕ ಎಲ್ಲಿ ತಪ್ಪುತ್ತದೆ, ಅದನ್ನು ಸರಿ ಮಾಡಲು ಬೇರೆ ಬೇರೆ ಕಡೆ ಏನು ಮಾಡುತ್ತಿದ್ದಾರೆ ಎಂದು ಬುಡದಿಂದ ನೋಡೋಣ.

## ಮೊದಲು ಸಂಬಳದ ಚೀಟಿ ಓದೋಣ

ಕೆಲಸಕ್ಕೆ ಸೇರುವಾಗ ಹೇಳುವ ದೊಡ್ಡ ಅಂಕಿ ಸಿಟಿಸಿ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು ಅದು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಇರುತ್ತದೆ, ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟಿಗೆ, ಎತ್ತಿಡುವ ದುಡ್ಡು ಇರುತ್ತದೆ, ಕೆಲವು ಕಡೆ ವಿಮೆಯ ಕಂತೂ ಸೇರಿರುತ್ತದೆ. ಇವೆಲ್ಲ ಕಳೆದು ತಿಂಗಳಿಗೆ ಬರುವುದು ಗ್ರಾಸ್. ಅದರಲ್ಲಿ ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ ಮುರಿದುಕೊಂಡ ಮೇಲೆ ಬ್ಯಾಂಕಿಗೆ ಬೀಳುವುದು ಟೇಕ್ ಹೋಮ್.

ಗ್ರಾಸ್ ಒಳಗೆ ಮತ್ತೆ ಎರಡು ಭಾಗ. ಒಂದು ಮೂಲ ವೇತನ, ಅಂದರೆ ಬೇಸಿಕ್, ಮತ್ತು ಅದಕ್ಕೆ ಸೇರುವ ತುಟ್ಟಿಭತ್ಯೆ. ಇನ್ನೊಂದು ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಸ್ಪೆಷಲ್ ಅಲೋಯನ್ಸ್ ಅಂತ ಬರುವ ಉಳಿದದ್ದು. ಗ್ರಾಚ್ಯುಟಿಯಂಥ ಸೌಲಭ್ಯಗಳ ಲೆಕ್ಕ ನಿಂತಿರುವುದು ಮೊದಲ ಭಾಗದ ಮೇಲೆ. ಹಾಗಾಗಿ ಅನೇಕ ಕಡೆ ಬೇಸಿಕ್ ಅನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ದೊಡ್ಡದು ಮಾಡುವ ರೂಢಿ ಬೆಳೆಯಿತು.

ನಾಲ್ಕರಲ್ಲಿ ಒಂದಾದ ಹೊಸ ವೇತನ ಸಂಹಿತೆ ಕೈ ಹಾಕಿರುವುದು ಇದಕ್ಕೇ. ಭತ್ಯೆ ಮುಂತಾದವು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನ ಎಂದೇ ಲೆಕ್ಕಕ್ಕೆ ಹಿಡಿಯಬೇಕು. ಒಂದು ಉದಾಹರಣೆ ನೋಡಿ. ಒಟ್ಟು 50,000 ರೂಪಾಯಿಯಲ್ಲಿ ಬೇಸಿಕ್ 15,000, ಉಳಿದ 35,000 ಭತ್ಯೆ. ಅರ್ಧ ಅಂದರೆ 25,000. ಭತ್ಯೆ ಅದಕ್ಕಿಂತ 10,000 ಜಾಸ್ತಿ ಇದೆ. ಆ 10,000 ವೇತನಕ್ಕೆ ಸೇರಿ, ಲೆಕ್ಕದ ವೇತನ 25,000 ಆಗುತ್ತದೆ. ಐದು ವರ್ಷ ಕೆಲಸ ಮಾಡಿ ಬಿಟ್ಟರೆ ಗ್ರಾಚ್ಯುಟಿ ಮೊದಲಿನ ಲೆಕ್ಕದಲ್ಲಿ ಸುಮಾರು 43,000 ರೂಪಾಯಿ ಬರುತ್ತಿತ್ತು, ಈಗಿನ ಲೆಕ್ಕದಲ್ಲಿ ಸುಮಾರು 72,000.

ಇನ್ನು ಟೇಕ್ ಹೋಮ್. ಪಿಎಫ್ ಕಡ್ಡಾಯವಾಗಿರುವುದು 15,000 ರೂಪಾಯಿ ವೇತನದ ಮಿತಿಯವರೆಗೆ. ನಿಮ್ಮ ಕಂಪನಿ ಆ ಮಿತಿಯ ಮೇಲೆ ಮಾತ್ರ ಪಿಎಫ್ ಕಟ್ಟುತ್ತಿದ್ದರೆ ಕಡಿತ ಬದಲಾಗಬೇಕಾಗಿಲ್ಲ. ಪೂರ್ತಿ ವೇತನದ ಮೇಲೆ ಕಟ್ಟುವ ಕಡೆ ಕಡಿತ ಜಾಸ್ತಿ ಆಗಬಹುದು, ಆದರೆ ಆ ದುಡ್ಡು ನಿಮ್ಮದೇ ಪಿಎಫ್ ಖಾತೆಗೆ ಹೋಗುತ್ತದೆ.

ಇಷ್ಟು ಸಂಬಳವನ್ನು ಒಳಗೊಳಗೆ ಹಂಚುವ ವಿಚಾರ. ಆ 50,000 ಎಂಬುದೇ ಸರಿಯಾ ಎಂದು ಯಾವ ಸಂಹಿತೆಯೂ ಹೇಳುವುದಿಲ್ಲ.

## ತಳದ ಮಿತಿ ಎಲ್ಲಿಂದ ಬರುತ್ತದೆ

ಸ್ವಾತಂತ್ರ್ಯ ಬಂದ ಹೊಸದರಲ್ಲೇ, 1948ರಲ್ಲಿ, ನ್ಯಾಯವಾದ ವೇತನದ ಬಗ್ಗೆ ಒಂದು ಸಮಿತಿ ಕೂತಿತ್ತು. ಅದು ಮೂರು ಮೆಟ್ಟಿಲು ಗುರುತಿಸಿತು. ಕೆಳಗಿನದು ಕನಿಷ್ಠ ವೇತನ: ಕೆಲಸಗಾರ ಬದುಕಿ, ಮತ್ತೆ ಕೆಲಸಕ್ಕೆ ಬರುವ ಶಕ್ತಿ ಉಳಿಸಿಕೊಳ್ಳಲು ಬೇಕಾದಷ್ಟು. ಮೇಲಿನದು ಜೀವನ ವೇತನ: ಮಕ್ಕಳ ಓದು, ಕಾಯಿಲೆ ಕಸಾಲೆ, ಮುಪ್ಪು ಇವಕ್ಕೂ ಸಾಕಾಗುವಷ್ಟು. ಇವೆರಡರ ನಡುವೆ, ಉದ್ಯಮಕ್ಕೆ ಕೊಡುವ ತಾಕತ್ತು ಎಷ್ಟಿದೆ ಎಂದು ನೋಡಿ ನಿಗದಿ ಮಾಡುವುದು ನ್ಯಾಯ ವೇತನ. ಕನಿಷ್ಠ ವೇತನ ಕೊಟ್ಟುಬಿಟ್ಟರೆ ನ್ಯಾಯವಾದ ಸಂಬಳ ಕೊಟ್ಟ ಹಾಗೆ ಎಂದು ಅನೇಕ ಮಾಲೀಕರು ನಂಬಿದ್ದಾರೆ. ಎಪ್ಪತ್ತೈದು ವರ್ಷದ ಹಿಂದೆಯೇ ಅವೆರಡೂ ಬೇರೆ ಬೇರೆ ಎಂದು ತೀರ್ಮಾನ ಆಗಿತ್ತು.

ಕನಿಷ್ಠ ವೇತನವನ್ನು ಲೆಕ್ಕ ಹಾಕುವ ಸೂತ್ರ 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸಿದ್ಧವಾಯಿತು. ಒಂದು ಕುಟುಂಬವನ್ನು ಮೂರು ಯೂನಿಟ್, ಅಂದರೆ ಮೂವರು ದೊಡ್ಡವರ ಖರ್ಚಿಗೆ ಸಮ, ಎಂದು ಹಿಡಿದರು. ಒಬ್ಬ ದೊಡ್ಡವರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಉರುವಲು ದೀಪ ಮುಂತಾದ ಖರ್ಚಿಗೆ ಒಟ್ಟು ಕೂಲಿಯ ಶೇ 20. ಕ್ಯಾಲೊರಿಯ ಅಳತೆ ಬಂದದ್ದು ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯದ ಮುಖ್ಯಸ್ಥರಾಗಿದ್ದ ವಾಲೇಸ್ ಐಕ್ರಾಯ್ಡ್ ಅವರ ಕೆಲಸದಿಂದ. ಆಮೇಲೆ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಸಾಲು ಸೇರಿಸಿತು: ಮಕ್ಕಳ ಶಿಕ್ಷಣ, ಔಷಧಿ, ಹಬ್ಬ ಹರಿದಿನ, ಮದುವೆ, ವೃದ್ಧಾಪ್ಯ ಇವಕ್ಕೆ ಇನ್ನೂ ಶೇ 25.

ಬೆಲೆ ಏರಿದ ಹಾಗೆ ಈ ಮೊತ್ತವೂ ಏರಬೇಕಲ್ವಾ? ಅದಕ್ಕೇ ತುಟ್ಟಿಭತ್ಯೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆಗಿನ ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕ ನೋಡಿ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಿಸುತ್ತಾರೆ. 2020ರ ಏಪ್ರಿಲ್‌ನಲ್ಲಿ ಹೀಗೆ ಬರಬೇಕಿದ್ದ, ತಿಂಗಳಿಗೆ 417 ರೂಪಾಯಿಯ ಏರಿಕೆಯನ್ನು ಕೋವಿಡ್ ಕಾರಣಕ್ಕೆ ತಡೆಹಿಡಿದಾಗ ರಾಜ್ಯದ ಲಕ್ಷಾಂತರ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಅದಕ್ಕಾಗಿ ಹೋರಾಡಬೇಕಾಯಿತು. ವಿಷಯ ಹೈಕೋರ್ಟಿಗೂ ಹೋಯಿತು. 417 ಚಿಕ್ಕ ಮೊತ್ತ ಅನ್ನಿಸಬಹುದು. ಆದರೆ ತಳದ ಸಂಬಳದಲ್ಲಿ ಬದುಕುವ ಮನೆಗೆ ಅದು ತಿಂಗಳಿನ ಗ್ಯಾಸ್ ಸಿಲಿಂಡರಿನ ದೊಡ್ಡ ಪಾಲು.

ಸರ್ಕಾರಿ ನೌಕರರಿಗೂ ಹೆಚ್ಚೂಕಡಿಮೆ ಇದೇ ತರ್ಕ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಲೆಕ್ಕ ಹೀಗಿದೆ: 17,000ಕ್ಕೆ ಶೇ 31 ತುಟ್ಟಿಭತ್ಯೆ ಅಂದರೆ 5,270, ಶೇ 27.5 ಫಿಟ್‌ಮೆಂಟ್ (ವೇತನ ಪರಿಷ್ಕರಣೆಯಲ್ಲಿ ಸೇರಿಸುವ ಹೆಚ್ಚಳ) ಅಂದರೆ 4,675. ಕೂಡಿದರೆ 26,945. ಅದನ್ನು 27,000 ಮಾಡಿದರು. ಒಪ್ಪುವುದು ಬಿಡುವುದು ಬೇರೆ ಮಾತು, ಆದರೆ ಈ ಅಂಕಿ ಯಾಕೆ ಎಂದು ಯಾರು ಕೇಳಿದರೂ ಕಾಗದದ ಮೇಲೆ ತೋರಿಸಬಹುದು. ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಸಿಗದೇ ಇರುವುದು ಇದೇ.

## ಕಂಪನಿಗಳು ಹೇಗೆ ಲೆಕ್ಕ ಹಾಕುತ್ತವೆ

ದೊಡ್ಡ ಕಂಪನಿಗಳಲ್ಲಿ ಮೂರು ವಿಷಯ ಒಟ್ಟಿಗೆ ಕೆಲಸ ಮಾಡುತ್ತವೆ.

ಒಂದು ಮಾರುಕಟ್ಟೆ ಸಮೀಕ್ಷೆ. ಸಲಹಾ ಸಂಸ್ಥೆಗಳು ಹತ್ತಾರು ಕಂಪನಿಗಳಿಂದ ಸಂಬಳದ ಮಾಹಿತಿ ಪಡೆದು, ಹೆಸರು ತೆಗೆದು, ಇಂಥ ಕೆಲಸಕ್ಕೆ ಇಂಥ ಊರಿನಲ್ಲಿ ಇಷ್ಟು ಎಂದು ಪಟ್ಟಿ ಮಾಡಿ ಮಾರುತ್ತವೆ. ನಮ್ಮದು ಸರಿಯಾಗಿ ನಡುವೆ ಇರಲಿ ಎಂದು ಒಂದು ಕಂಪನಿ ತೀರ್ಮಾನಿಸುತ್ತದೆ, ಒಳ್ಳೆಯವರು ಬೇಕು ಎನ್ನುವ ಇನ್ನೊಂದು ಸ್ವಲ್ಪ ಮೇಲಿರಲಿ ಎನ್ನುತ್ತದೆ. ಇದರಲ್ಲಿ ಒಂದು ತೊಡಕಿದೆ. ಎಲ್ಲರೂ ಎಲ್ಲರನ್ನೂ ನೋಡಿ ಸಂಬಳ ಇಟ್ಟರೆ, ಯಾವುದೋ ಕಾಲದಲ್ಲಿ ಒಂದು ಕೆಲಸಕ್ಕೆ ಕಡಿಮೆ ಕೊಡುವ ರೂಢಿ ಬಂದಿದ್ದರೆ ಅದು ಹಾಗೇ ಉಳಿಯುತ್ತದೆ. ಸಮೀಕ್ಷೆ ಹೇಳುವುದು ಈಗ ಎಷ್ಟು ಕೊಡುತ್ತಿದ್ದಾರೆ ಎಂದಷ್ಟೇ. ಎಷ್ಟು ಕೊಡಬೇಕು ಎಂಬುದು ಅದಕ್ಕೆ ಗೊತ್ತಿಲ್ಲ.

ಎರಡನೆಯದು ಸಂಬಳದ ಪಟ್ಟಿ, ಅಂದರೆ ಬ್ಯಾಂಡ್ ಅಥವಾ ಗ್ರೇಡ್. ಒಂದು ಹುದ್ದೆಗೆ 8 ಲಕ್ಷದಿಂದ 12 ಲಕ್ಷ ಎಂದು ಇಟ್ಟರೆ ನಡುವಿನ ಅಂಕಿ 10 ಲಕ್ಷ. ಹೊಸದಾಗಿ ಕಲಿಯುತ್ತಿರುವವರು ಕೆಳಗೆ, ಕೆಲಸ ಚೆನ್ನಾಗಿ ಬಲ್ಲವರು ನಡುವೆ, ತುಂಬ ಅನುಭವಿಗಳು ಮೇಲೆ ಇರಬೇಕು ಎಂಬುದು ಲೆಕ್ಕ. ಐದಾರು ವರ್ಷ ಒಳ್ಳೇ ಹೆಸರು ಪಡೆದು ಕೆಲಸ ಮಾಡಿದ ಮೇಲೂ ನೀವು ಪಟ್ಟಿಯ ತಳದಲ್ಲೇ ಇದ್ದರೆ ಎಲ್ಲೋ ಏನೋ ತಪ್ಪಿದೆ ಎಂದರ್ಥ.

ಮೂರನೆಯದು ನಿಮ್ಮ ಹಿಂದಿನ ಸಂಬಳ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕೆಂದರೆ ನಮ್ಮಲ್ಲಿ ಸಂಬಳದ ಅನ್ಯಾಯ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವುದು ಈ ದಾರಿಯಲ್ಲೇ.

## "ಈಗ ಎಷ್ಟು ತಗೋತಾ ಇದ್ದೀರಿ?"

ಇಂಟರ್‌ವ್ಯೂ ಮುಗಿಯುವ ಹೊತ್ತಿಗೆ ಎಚ್‌ಆರ್‌ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಹಳೇ ಕಂಪನಿಯ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕಳಿಸಿ ಎನ್ನುತ್ತಾರೆ. ಆಮೇಲೆ ಅದರ ಮೇಲೆ ಶೇ 20, ಶೇ 30 ಎಂದು ಹೈಕ್ ಸೇರಿಸಿ ಹೊಸ ಪ್ಯಾಕೇಜ್ ಹೇಳುತ್ತಾರೆ.

ಒಂದು ಸೈಟು ಮಾರಾಟಕ್ಕೆ ಬಂದಾಗ ನಾವು ಏನೇನು ನೋಡುತ್ತೇವೆ? ಅಳತೆ, ರಸ್ತೆಯ ಅಗಲ, ಕಾರ್ನರ್ ಹೌದೋ ಅಲ್ಲವೋ, ಕಾವೇರಿ ನೀರು ಬಂದಿದೆಯಾ, ಖಾತೆ ಸರಿ ಇದೆಯಾ, ಆ ಬಡಾವಣೆಯಲ್ಲಿ ಚದರಡಿ ಎಷ್ಟಕ್ಕೆ ಹೋಗುತ್ತಿದೆ. ಮಾರುವವರು ಇಪ್ಪತ್ತು ವರ್ಷದ ಹಿಂದೆ ಅದನ್ನು 3 ಲಕ್ಷಕ್ಕೆ ಕೊಂಡಿದ್ದರು, ಅದರ ಮೇಲೆ ಶೇ 30 ಸೇರಿಸಿ ಕೊಡುತ್ತೇನೆ ಎಂದರೆ ಯಾರೂ ಒಪ್ಪುವುದಿಲ್ಲ. ಕೆಲಸದ ವಿಷಯದಲ್ಲಿ ಮಾತ್ರ ನಾವು ಇದನ್ನು ಸಹಜ ಎಂದು ಒಪ್ಪಿಕೊಂಡಿದ್ದೇವೆ.

ಇದರ ಪರಿಣಾಮ ಲೆಕ್ಕ ಹಾಕಿ ನೋಡಿ. ಇಬ್ಬರು ಒಂದೇ ದಿನ, ಒಂದೇ ಕೆಲಸಕ್ಕೆ ಸೇರುತ್ತಾರೆ. ಒಬ್ಬರಿಗೆ 6 ಲಕ್ಷ, ಇನ್ನೊಬ್ಬರಿಗೆ 8 ಲಕ್ಷ, ಯಾಕೆಂದರೆ ಮೊದಲನೆಯವರು ಚಿಕ್ಕ ಊರಿನ ಚಿಕ್ಕ ಕಂಪನಿಯಿಂದ ಬಂದವರು. ಇಬ್ಬರಿಗೂ ಪ್ರತಿ ವರ್ಷ ತಪ್ಪದೆ ಶೇ 10 ಇನ್‌ಕ್ರಿಮೆಂಟ್. ಹತ್ತು ಇನ್‌ಕ್ರಿಮೆಂಟ್ ಆದ ಮೇಲೆ ಒಬ್ಬರು ಸುಮಾರು 15.6 ಲಕ್ಷ, ಇನ್ನೊಬ್ಬರು 20.7 ಲಕ್ಷ. 2 ಲಕ್ಷದ ಅಂತರ 5 ಲಕ್ಷ ದಾಟಿತು. ಯಾರೂ ಭೇದ ಮಾಡಲಿಲ್ಲ, ಪ್ರತಿ ವರ್ಷ ಇಬ್ಬರಿಗೂ ಸಮ ಶೇಕಡಾವಾರು ಕೊಟ್ಟರು. ಆದರೂ ಅಂತರ ಬೆಳೆಯುತ್ತಲೇ ಹೋಯಿತು.

ಹೆರಿಗೆಗೆ, ಮಗು ಸಾಕಲು, ಮನೆಯ ಹಿರಿಯರನ್ನು ನೋಡಿಕೊಳ್ಳಲು ಎಂದು ಕೆಲಸ ಬಿಟ್ಟು ಮತ್ತೆ ಬರುವ ಹೆಣ್ಣುಮಕ್ಕಳಿಗೆ ಈ ಪದ್ಧತಿಯ ಪೆಟ್ಟು ಹೆಚ್ಚು. ಹೇಳಲು ಹಿಂದಿನ ಸಂಬಳವೇ ಇರುವುದಿಲ್ಲ, ಇದ್ದರೂ ಹಳೇದು. ಅದನ್ನೇ ಬುನಾದಿ ಮಾಡಿದರೆ ಬಿಡುವು ಮುಗಿದ ಮೇಲೂ ಅದರ ದಂಡ ಕಟ್ಟುತ್ತಲೇ ಇರಬೇಕಾಗುತ್ತದೆ.

ಈ ಕಾರಣಕ್ಕೇ ಅಮೆರಿಕದ ಕ್ಯಾಲಿಫೋರ್ನಿಯಾದಂಥ ಹಲವು ರಾಜ್ಯಗಳಲ್ಲಿ ಅಭ್ಯರ್ಥಿಯ ಹಳೇ ಸಂಬಳ ಕೇಳುವುದನ್ನು ಕಾನೂನೇ ತಡೆದಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಸಂಬಳ ಪಾರದರ್ಶಕತೆಯ ನಿಯಮವೂ ಇದನ್ನೇ ಹೇಳುತ್ತದೆ. ಅದನ್ನು ತಮ್ಮ ಕಾನೂನಿಗೆ ಸೇರಿಸಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಜರ್ಮನಿ, ನೆದರ್ಲೆಂಡ್ಸ್ ಕಡೆ ಕೆಲಸ ಹುಡುಕುತ್ತಿರುವ ನಮ್ಮವರು ಇದನ್ನು ತಿಳಿದಿರಬೇಕು. ಭಾರತದಲ್ಲಿ ಇಂಥ ತಡೆ ಇಲ್ಲ. ಆದರೆ ಯಾವುದೇ ಕಂಪನಿ ಕಾನೂನಿಗೆ ಕಾಯದೆ, ಹಳೇ ಸ್ಲಿಪ್ ಕೇಳುವುದನ್ನು ತಾನೇ ನಿಲ್ಲಿಸಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

## ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ

ಹಳೇ ಸಂಬಳ ಬಿಟ್ಟರೆ ಬೇರೆ ಯಾವುದರ ಮೇಲೆ ಲೆಕ್ಕ ಹಾಕಬೇಕು? ಕೆಲಸದ ಮೇಲೆ. ಇದಕ್ಕೆ ಉದ್ಯೋಗ ಮೌಲ್ಯಮಾಪನ ಎನ್ನುತ್ತಾರೆ, ಅಂದರೆ ಜಾಬ್ ಇವ್ಯಾಲ್ಯುವೇಶನ್. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದನ್ನು ಮರೆತು, ಆ ಕುರ್ಚಿ ಏನು ಕೇಳುತ್ತದೆ ಎಂದು ಮಾತ್ರ ನೋಡುವುದು.

ಸಾಮಾನ್ಯವಾಗಿ ನಾಲ್ಕು ಅಳತೆ ಬಳಸುತ್ತಾರೆ: ಬೇಕಾದ ಕೌಶಲ, ಹಾಕುವ ಶ್ರಮ, ಹೊರುವ ಜವಾಬ್ದಾರಿ, ಕೆಲಸದ ಪರಿಸ್ಥಿತಿ. ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಹತ್ತಿರ ಹತ್ತಿರ ಅಂಕ ಬಂದ ಕೆಲಸಗಳು ಒಂದೇ ಗ್ರೇಡಿಗೆ ಬರುತ್ತವೆ. ನಮ್ಮ ವೇತನ ಸಂಹಿತೆಯಲ್ಲೂ ಇದರ ನೆರಳಿದೆ. ಒಂದೇ ಬಗೆಯ ಕೆಲಸ ಎಂದರೆ ಏನು ಎಂದು ಹೇಳುವಾಗ ಅದು ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಇವನ್ನೇ ಹೆಸರಿಸುತ್ತದೆ. ಅಂಥ ಕೆಲಸಕ್ಕೆ ಒಬ್ಬನೇ ಮಾಲೀಕ ಲಿಂಗದ ಕಾರಣಕ್ಕೆ ಬೇರೆ ಬೇರೆ ವೇತನ ಕೊಡುವಂತಿಲ್ಲ.

ಕಷ್ಟ ಇರುವುದು ಅಂಕ ಕೊಡುವುದರಲ್ಲಿ. ಶ್ರಮ ಅಂದ ಕೂಡಲೇ ನಮಗೆ ಮೂಟೆ ಎತ್ತುವುದು ಕಾಣುತ್ತದೆ. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ರೋಗಿಯನ್ನು ದಿನಕ್ಕೆ ಹತ್ತಾರು ಸಲ ಎತ್ತಿ ಮಗ್ಗುಲು ಬದಲಿಸುವ ಆಯಾ ಕೆಲಸ ಕಾಣುವುದಿಲ್ಲ. ಜವಾಬ್ದಾರಿ ಅಂದರೆ ಎಷ್ಟು ಕೋಟಿಯ ಬಜೆಟ್ ಕೈಯಲ್ಲಿದೆ ಎಂದು ಕೇಳುತ್ತಾರೆ. ಅಂಗನವಾಡಿಯಲ್ಲಿ ಇಪ್ಪತ್ತು ಮೂವತ್ತು ಚಿಕ್ಕ ಮಕ್ಕಳ ಜೀವ ಕಾಯುವುದನ್ನು ಯಾವ ಕಾಲಂನಲ್ಲಿ ಬರೆಯಬೇಕು? ಹೆಣ್ಣುಮಕ್ಕಳು ಹೆಚ್ಚಾಗಿ ಮಾಡುವ ಕೆಲಸಗಳ ಕೌಶಲವನ್ನು ಸಹಜ ಗುಣ ಎಂದುಕೊಂಡು, ಅದಕ್ಕೆ ಅಂಕವನ್ನೇ ಕೊಡದ ಹಳೇ ಅಭ್ಯಾಸ ಇದೆ. ಹಾಗಾಗಿ ಅಳತೆಗೋಲನ್ನೇ ಆಗಾಗ ಪರೀಕ್ಷೆ ಮಾಡಬೇಕು.

ಇದನ್ನು ನಿರ್ಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ ದೊಡ್ಡ ಉದಾಹರಣೆ. ಅಲ್ಲಿ ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ, ವೃದ್ಧರ ಆರೈಕೆ ಮಾಡುವವರು ಹೆಚ್ಚಾಗಿ ಹೆಂಗಸರು. ಕಸ ಸಾಗಿಸುವವರು, ಸ್ಮಶಾನದಲ್ಲಿ ಗುಂಡಿ ತೋಡುವವರು ಹೆಚ್ಚಾಗಿ ಗಂಡಸರು. ನಗರಸಭೆಯ ದರ್ಜೆಯ ಪ್ರಕಾರ ಸರಿಸಮ ಎನಿಸುವ ಕೆಲಸಗಳಲ್ಲೂ ಗಂಡಸರ ಕೆಲಸಗಳಿಗೆ ಮಾತ್ರ ಬೋನಸ್ ಬರುತ್ತಿತ್ತು. 2010ರಲ್ಲಿ ಸಾವಿರಾರು ಮಹಿಳೆಯರು ನ್ಯಾಯಮಂಡಳಿಯಲ್ಲಿ ಗೆದ್ದರು. ಈಗಾಗಲೇ ಕೆಲಸ ಬಿಟ್ಟಿದ್ದವರೂ ದಾವೆ ಹೂಡಬಹುದು ಎಂದು 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮುಂದಿನ ಹತ್ತು ವರ್ಷಗಳಲ್ಲಿ ನಗರಸಭೆ ಸುಮಾರು 110 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅಷ್ಟಾದರೂ ಮೂಲ ಸಮಸ್ಯೆ ಹೋಗಲಿಲ್ಲ. 2023ರಲ್ಲಿ ಇನ್ನೂ 65ರಿಂದ 76 ಕೋಟಿ ಪೌಂಡ್ ಹೊಣೆ ಇದೆ ಎಂದು ಅಂದಾಜಾಯಿತು, ಮತ್ತು ಸೆಪ್ಟೆಂಬರ್‌ನಲ್ಲಿ ನಗರಸಭೆ ತನ್ನ ಲೆಕ್ಕ ಸರಿದೂಗಿಸಲು ಆಗುತ್ತಿಲ್ಲ ಎಂದು ಅಧಿಕೃತವಾಗಿ ಹೇಳಬೇಕಾಯಿತು.

ಅದೇ ದೇಶದಲ್ಲಿ ಬಟ್ಟೆ ಮಾರುವ ನೆಕ್ಸ್ಟ್ ಕಂಪನಿಯ ಪ್ರಕರಣ ಇನ್ನೂ ಹತ್ತಿರದ್ದು. ಅಂಗಡಿಯಲ್ಲಿ ಕೆಲಸ ಮಾಡುವವರಿಗಿಂತ ಗೋದಾಮಿನವರಿಗೆ ಗಂಟೆಗೆ ಜಾಸ್ತಿ ಕೂಲಿ. ಅಂಗಡಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಂಗಸರು. ಮಾರುಕಟ್ಟೆಯಲ್ಲಿ ಇರುವ ದರವನ್ನೇ ಕೊಡುತ್ತಿದ್ದೇವೆ ಎಂಬುದು ಕಂಪನಿಯ ವಾದ. 2024ರ ಆಗಸ್ಟ್‌ನಲ್ಲಿ ಉದ್ಯೋಗ ನ್ಯಾಯಮಂಡಳಿ ಮೂಲ ವೇತನದ ವಿಷಯದಲ್ಲಿ ಆ ವಾದವನ್ನು ಒಪ್ಪಲಿಲ್ಲ. 3,500ಕ್ಕೂ ಹೆಚ್ಚು ಜನರ ಪರವಾಗಿ ತೀರ್ಪು ಬಂತು, ಕಂಪನಿ ಮೇಲ್ಮನವಿ ಸಲ್ಲಿಸುವುದಾಗಿ ಹೇಳಿತು. ಮಾರುಕಟ್ಟೆ ದರ ಎಂಬ ಒಂದೇ ಉತ್ತರ ಇನ್ನು ಎಲ್ಲ ಕಡೆ ನಡೆಯುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

## ಒಂದೇ ಕೆಲಸ, ಎರಡು ಸಂಬಳ

ನಮ್ಮಲ್ಲಿ ಗಂಡು ಹೆಣ್ಣಿನ ಅಂತರದಷ್ಟೇ ದೊಡ್ಡದು ಕಾಯಂ ಮತ್ತು ಗುತ್ತಿಗೆ ನಡುವಿನ ಅಂತರ. ಒಂದೇ ವಾರ್ಡಿನಲ್ಲಿ, ಒಂದೇ ಸಾಲಿನ ಯಂತ್ರದ ಮುಂದೆ, ಒಂದೇ ಪಾಳಿಯಲ್ಲಿ ಇಬ್ಬರು ನಿಂತಿರುತ್ತಾರೆ. ಒಬ್ಬರಿಗೆ ಸಿಗುವುದರ ಅರ್ಧವೂ ಇನ್ನೊಬ್ಬರಿಗೆ ಸಿಗುವುದಿಲ್ಲ.

ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಮಾತು ಸಂವಿಧಾನದ 39(ಡಿ) ವಿಧಿಯಲ್ಲಿದೆ. ಅದು ನಿರ್ದೇಶಕ ತತ್ವ, ನೇರವಾಗಿ ಕೋರ್ಟಿನಲ್ಲಿ ಕೇಳುವಂತಿರಲಿಲ್ಲ. 1982ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಚಾಲಕರಾಗಿದ್ದ ರಣಧೀರ್ ಸಿಂಗ್, ಬೇರೆ ಇಲಾಖೆಯ ಚಾಲಕರಿಗೆ ಸಿಗುವ ಶ್ರೇಣಿ ನನಗೇಕಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಸಮಾನತೆಯ ಮೂಲಭೂತ ಹಕ್ಕಿನ ಜೊತೆ ಓದಿದಾಗ ಈ ತತ್ವವನ್ನು ಜಾರಿ ಮಾಡಿಸಬಹುದು ಎಂದು ಕೋರ್ಟ್ ಹೇಳಿತು. 2016ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಮತ್ತು ಜಗಜೀತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೂ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನ ಸಿಗಬೇಕು ಎಂದಿತು. ಇವೆರಡೂ ಸರ್ಕಾರಿ ಕೆಲಸಕ್ಕೆ ಸೇರಿದ ತೀರ್ಪುಗಳು, ಖಾಸಗಿ ಕಂಪನಿಯನ್ನು ಇದೇ ರೀತಿ ಹಿಡಿದು ಕೇಳುವುದು ಕಷ್ಟ.

ಬೆಂಗಳೂರಿನ ಪೌರಕಾರ್ಮಿಕರದು ಈ ವಿಷಯದಲ್ಲಿ ದೀರ್ಘ ಹೋರಾಟ. ಮೊದಲು ಗುತ್ತಿಗೆದಾರರ ಕೈಕೆಳಗಿದ್ದರು, ಆಮೇಲೆ ಪಾಲಿಕೆಯೇ ನೇರವಾಗಿ ವೇತನ ಕೊಡತೊಡಗಿತು, 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಪೊರಕೆ ಅದೇ, ರಸ್ತೆ ಅದೇ, ಬೆಳಗಿನ ಹೊತ್ತೂ ಅದೇ. ಕೆಲಸ ಬದಲಾಗದೆ ಸಂಬಳ ಮಾತ್ರ ಇಷ್ಟು ಬದಲಾಗುತ್ತದೆ ಎಂದರೆ, ಅಲ್ಲಿಯವರೆಗೆ ಬೆಲೆ ಕಟ್ಟುತ್ತಿದ್ದದ್ದು ಕೆಲಸಕ್ಕೆ ಅಲ್ಲ, ನೇಮಕಾತಿಯ ಕಾಗದಕ್ಕೆ.

## ಸಂಬಳದ ಗುಟ್ಟು

ಇಷ್ಟೆಲ್ಲ ವ್ಯತ್ಯಾಸ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ? ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ.

ಅಮೆರಿಕದ ಲಿಲ್ಲಿ ಲೆಡ್‌ಬೆಟರ್ 1979ರಿಂದ ಅಲಬಾಮಾದ ಗುಡ್‌ಇಯರ್ ಟೈರ್ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಸೇರಿದಾಗ ಆಕೆಯ ಸಂಬಳ ಜೊತೆಯ ಗಂಡಸರಷ್ಟೇ ಇತ್ತು. ವರ್ಷ ವರ್ಷದ ಇನ್‌ಕ್ರಿಮೆಂಟಿನಲ್ಲಿ ಹಿಂದೆ ಬೀಳುತ್ತಾ ಹೋಯಿತು. ನಿವೃತ್ತಿ ಹತ್ತಿರ ಬಂದಾಗ ಯಾರೋ ಹೆಸರಿಲ್ಲದ ಚೀಟಿಯಲ್ಲಿ ಬೇರೆಯವರ ಸಂಬಳ ಬರೆದು ಇಟ್ಟರು. ಆಕೆಗೆ ತಿಂಗಳಿಗೆ 3,727 ಡಾಲರ್. ಅದೇ ಕೆಲಸದಲ್ಲಿದ್ದ ಗಂಡಸರಲ್ಲಿ ಅತಿ ಕಡಿಮೆ ಪಡೆಯುವವನಿಗೆ 4,286, ಅತಿ ಹೆಚ್ಚಿನವನಿಗೆ 5,236. ಕೇಸು ಹಾಕಿದರು. ಭೇದ ನಡೆದ 180 ದಿನದೊಳಗೆ ದೂರು ಕೊಡಬೇಕಿತ್ತು ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಗೊತ್ತೇ ಇಲ್ಲದ ವಿಷಯಕ್ಕೆ ದೂರು ಕೊಡುವುದು ಹೇಗೆ? 2009ರಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ಬಂತು. ಭೇದದಿಂದ ಕೂಡಿದ ಪ್ರತಿ ಸಂಬಳದ ಜೊತೆ ದೂರಿನ ಗಡುವು ಹೊಸದಾಗಿ ಶುರುವಾಗುತ್ತದೆ ಎಂದು ಅದು ಹೇಳಿತು.

ಈಗ ಹಲವು ದೇಶಗಳು ಗುಟ್ಟನ್ನೇ ಒಡೆಯುವ ದಾರಿ ಹಿಡಿದಿವೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ ಕೆಲಸದ ಜಾಹೀರಾತಿನಲ್ಲೇ ಸಂಬಳದ ಮಿತಿ ಹಾಕಬೇಕು. ಬ್ರಿಟನ್ನಿನಲ್ಲಿ 250 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು 2017ರಿಂದ ಗಂಡು ಹೆಣ್ಣಿನ ಸಂಬಳದ ಅಂತರ ಪ್ರಕಟಿಸುತ್ತಿವೆ. ಐಸ್‌ಲ್ಯಾಂಡ್ ಇನ್ನೂ ಮುಂದೆ ಹೋಗಿ, 25 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ತಾನು ಸಮಾನ ವೇತನ ಕೊಡುತ್ತಿದ್ದೇನೆ ಎಂದು ಪ್ರಮಾಣಪತ್ರ ಪಡೆಯಬೇಕು ಎಂದು 2018ರಲ್ಲಿ ಕಾನೂನು ಜಾರಿಗೆ ತಂದಿತು.

ಇದರಿಂದ ಎಲ್ಲ ಸರಿಹೋಗುತ್ತದೆ ಎಂದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರಿಗೆ ಸಹೋದ್ಯೋಗಿಗಳ ಸಂಬಳ ನೋಡಲು ಅವಕಾಶ ಇದೆ ಎಂದು ತಿಳಿಸಿ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಕಡಿಮೆ ಪಡೆಯುತ್ತಿದ್ದವರಿಗೆ ಬೇಸರ ಹೆಚ್ಚಿತು, ಬೇರೆ ಕೆಲಸ ಹುಡುಕುವ ಮನಸ್ಸಾಯಿತು. ಜಾಸ್ತಿ ಪಡೆಯುತ್ತಿದ್ದವರಿಗೆ ಖುಷಿಯೇನೂ ಹೆಚ್ಚಲಿಲ್ಲ. ಡೆನ್ಮಾರ್ಕಿನಲ್ಲಿ ಅಂಕಿ ಅಂಶ ಕೊಡುವುದು ಕಡ್ಡಾಯವಾದ ಮೇಲೆ ಗಂಡು ಹೆಣ್ಣಿನ ಅಂತರ ಕಡಿಮೆಯಾಯಿತು. ಆದರೆ ಅದು ಮುಖ್ಯವಾಗಿ ಗಂಡಸರ ಸಂಬಳದ ಏರಿಕೆ ನಿಧಾನ ಆದದ್ದರಿಂದ. ಹಾಗಾಗಿ ಮೊದಲು ಪಟ್ಟಿ ಸರಿ ಮಾಡಿ, ಕಾರಣ ಬರೆದಿಟ್ಟು, ಆಮೇಲೆ ತೆರೆದಿಡುವುದು ಜಾಣತನ. ಸುಮ್ನೆ ಒಂದು ಬೆಳಗ್ಗೆ ಎಲ್ಲರ ಸಂಬಳವನ್ನು ಗೋಡೆಗೆ ಅಂಟಿಸಿದರೆ ಜಗಳ ಮಾತ್ರ ಉಳಿಯುತ್ತದೆ.

ನಮ್ಮಲ್ಲೂ ಒಂದಿಷ್ಟು ಮಾಹಿತಿ ಸಾರ್ವಜನಿಕವಾಗಿಯೇ ಇದೆ, ನೋಡುವವರು ಕಡಿಮೆ. 2013ರ ಕಂಪನಿ ಕಾಯ್ದೆ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು ನಿರ್ದೇಶಕರ ಸಂಬಳ ಮೀಡಿಯನ್ ಸಂಬಳದ, ಅಂದರೆ ಎಲ್ಲ ನೌಕರರನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವರ ಸಂಬಳದ, ಎಷ್ಟು ಪಟ್ಟು ಎಂದು ಹೇಳಬೇಕು. ಷೇರುಪೇಟೆಯ ದೊಡ್ಡ 1,000 ಕಂಪನಿಗಳು ಷೇರುಪೇಟೆ ನಿಯಂತ್ರಕ ಸೆಬಿಗೆ ಕೊಡುವ ಸುಸ್ಥಿರತೆ ವರದಿಯಲ್ಲಿ ಗಂಡು ನೌಕರರ ಮೀಡಿಯನ್ ಸಂಬಳ, ಹೆಣ್ಣು ನೌಕರರ ಮೀಡಿಯನ್ ಸಂಬಳ ಬೇರೆ ಬೇರೆಯಾಗಿ ಇರುತ್ತವೆ. ನಿಮ್ಮ ಕಂಪನಿ ಈ ಪಟ್ಟಿಯಲ್ಲಿದ್ದರೆ ವಾರ್ಷಿಕ ವರದಿ ತೆಗೆದು ಒಮ್ಮೆ ಓದಿ.

ಡೆಲಿವರಿ, ಕ್ಯಾಬ್ ಕೆಲಸದಲ್ಲಿ ಇನ್ನೊಂದು ಬಗೆಯ ಗುಟ್ಟು. ಅಲ್ಲಿ ದರ ಇಡುವುದು ಆ್ಯಪ್. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು, ಪಾವತಿಯಲ್ಲಿ ಕಡಿತ ಮಾಡಿದರೆ ಕಾರಣ ತಿಳಿಸಬೇಕು ಎನ್ನುತ್ತದೆ.

## ಇನ್‌ಕ್ರಿಮೆಂಟ್ ಕಾಲದಲ್ಲಿ

ಬಹಳ ಕಂಪನಿಗಳಲ್ಲಿ ತಂಡದ ಮೇಲೆ ಬೆಲ್ ಕರ್ವ್ ಹಾಕುತ್ತಾರೆ. ಇಷ್ಟು ಜನ ಮೇಲೆ, ಹೆಚ್ಚಿನವರು ನಡುವೆ, ಇಷ್ಟು ಜನ ಕೆಳಗೆ ಇರಲೇಬೇಕು. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ಕೆಲಸ ಮಾಡಿದರೂ ಒಬ್ಬರನ್ನು ಕೆಳಗೆ ಹಾಕಬೇಕು. ಜೊತೆಯವರಿಗೆ ಸಹಾಯ ಮಾಡಿದರೆ ನನಗೇ ನಷ್ಟ ಎಂಬ ಭಾವನೆ ಇದರಿಂದ ಬರುತ್ತದೆ. ಮೈಕ್ರೋಸಾಫ್ಟ್ 2013ರಲ್ಲಿ ಈ ಪದ್ಧತಿ ಕೈಬಿಟ್ಟಿತು.

ಶೇಕಡಾವಾರು ಬಗ್ಗೆ ಇನ್ನೊಂದು ಮಾತು. ಪಟ್ಟಿಯ ತಳದಲ್ಲಿರುವವರಿಗೂ ಮೇಲಿರುವವರಿಗೂ ಒಂದೇ ಶೇಕಡಾ ಕೊಟ್ಟರೆ ಏನಾಗುತ್ತದೆ ಎಂದು 6 ಲಕ್ಷ, 8 ಲಕ್ಷದ ಲೆಕ್ಕದಲ್ಲಿ ನೋಡಿದೆವು. ಸರಿಪಡಿಸಬೇಕು ಎನ್ನುವ ಸಂಸ್ಥೆ, ಒಂದೇ ರೇಟಿಂಗ್ ಪಡೆದ ಇಬ್ಬರಲ್ಲಿ ಪಟ್ಟಿಯ ಕೆಳಗಿರುವವರಿಗೆ ಹೆಚ್ಚು ಶೇಕಡಾ, ಮೇಲಿರುವವರಿಗೆ ಕಡಿಮೆ ಶೇಕಡಾ ಕೊಡುತ್ತದೆ. ನಾಲ್ಕೈದು ವರ್ಷದಲ್ಲಿ ಅಂತರ ಕರಗುತ್ತದೆ, ಯಾರ ಸಂಬಳವನ್ನೂ ಇಳಿಸಬೇಕಾಗಿಲ್ಲ.

## ಯಾರನ್ನು, ಏನು ಕೇಳಬಹುದು

ಕೆಲಸ ಮಾಡುವವರು ಕೇಳಬೇಕಾದದ್ದು: ನನ್ನ ಹುದ್ದೆಯ ಗ್ರೇಡ್ ಯಾವುದು, ಅದರ ಮಿತಿ ಎಷ್ಟರಿಂದ ಎಷ್ಟು, ಅದರಲ್ಲಿ ನಾನು ಎಲ್ಲಿದ್ದೇನೆ, ಮೇಲೆ ಹೋಗಲು ಏನು ಮಾಡಬೇಕು. "ಅವರಿಗಿಂತ ನನಗೆ ಯಾಕೆ ಕಡಿಮೆ" ಎಂದು ಕೇಳಿದರೆ ಮಾತು ವ್ಯಕ್ತಿಗಳ ಮೇಲೆ ಹೋಗಿಬಿಡುತ್ತದೆ. ಗ್ರೇಡ್ ಬಗ್ಗೆ ಕೇಳಿದರೆ ಲೆಕ್ಕದ ಮೇಲೆ ನಿಲ್ಲುತ್ತದೆ. ಹೊಸ ಕೆಲಸಕ್ಕೆ ಹೋಗುವಾಗ ಹಳೇ ಸಂಬಳ ಕೇಳಿದರೆ, ಈ ಹುದ್ದೆಗೆ ನೀವು ಇಟ್ಟಿರುವ ಬಜೆಟ್ ಎಷ್ಟು ಎಂದು ಮೊದಲು ವಿಚಾರಿಸಿ. ಎಲ್ಲರೂ ಹೇಳುವುದಿಲ್ಲ, ಆದರೆ ಹೇಳುವವರು ಇದ್ದಾರೆ.

ಇಪ್ಪತ್ತು ಮೂವತ್ತು ಜನರನ್ನಿಟ್ಟುಕೊಂಡು ಸಂಸ್ಥೆ ನಡೆಸುವವರಿಗೆ ಸಲಹಾ ಕಂಪನಿ ಬೇಕಾಗಿಲ್ಲ. ಒಂದು ಹಾಳೆಯಲ್ಲಿ ಹುದ್ದೆಗಳನ್ನು ಬರೆದು, ಹೆಸರು ಬರೆಯದೆ, ನಾಲ್ಕು ಅಳತೆಗೆ ಅಂಕ ಹಾಕಿ. ಮಾಲೀಕರೊಬ್ಬರೇ ಹಾಕಬೇಡಿ, ಆ ಕೆಲಸ ಮಾಡುವ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಆಮೇಲೆ ಪಕ್ಕದಲ್ಲಿ ಈಗಿನ ಸಂಬಳ ಬರೆಯಿರಿ. ಅಂಕ ಜಾಸ್ತಿ ಇದ್ದು ಸಂಬಳ ಕಡಿಮೆ ಇರುವ ಸಾಲುಗಳು ತಾವಾಗಿ ಕಾಣುತ್ತವೆ. ಮುಂದಿನ ಇನ್‌ಕ್ರಿಮೆಂಟಿನ ದುಡ್ಡಿನಲ್ಲಿ ಮೊದಲ ಪಾಲು ಆ ಸಾಲುಗಳಿಗೆ ಹೋಗಲಿ.

ಕನಿಷ್ಠ ವೇತನವೇ ಸಿಗುತ್ತಿಲ್ಲ, ಅಥವಾ ಬರಬೇಕಾದ ವೇತನ ಬಾಕಿ ಇದೆ ಎಂದಾದರೆ ದಾರಿ ಬೇರೆ. ವೇತನ ಸಂಹಿತೆಯಡಿ ಬಾಕಿ ಬಿದ್ದ ದಿನದಿಂದ 3 ವರ್ಷದೊಳಗೆ ಅರ್ಜಿ ಹಾಕಬಹುದು. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುವಾಗ ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಹಾಜರಾತಿಯ ಯಾವುದೇ ದಾಖಲೆ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಗುತ್ತಿಗೆಯವರಾಗಿದ್ದರೆ ಗುತ್ತಿಗೆದಾರರ ಹೆಸರಿನ ಜೊತೆಗೆ, ಕೆಲಸ ಮಾಡಿಸಿಕೊಂಡ ಮುಖ್ಯ ಸಂಸ್ಥೆಯ ಹೆಸರನ್ನೂ ಅರ್ಜಿಯಲ್ಲಿ ಬರೆಯಿರಿ. ಗುತ್ತಿಗೆದಾರ ವೇತನ ಕೊಡದೆ ಹೋದರೆ ಅದನ್ನು ಕೊಡುವ ಹೊಣೆ ಆ ಸಂಸ್ಥೆಯ ಮೇಲೆ ಬರುತ್ತದೆ.